ರೊಟ್ಟಿಗೆ ಎದ್ದ ದೋಣಿ

ನಮ್ಮ ದೇಶ ಒಂದು ಊರಷ್ಟೇ ಅಗಲ. ಮೂಡಣ ಗಡಿಯ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಪಡುವಣ ಗಡಿಯಲ್ಲಿ ನಿಂತವನು ಸೀನುತ್ತಾನೆ. ಪಡುವಣ ಗಡಿಯೆಂದರೆ ಹೊಳೆ. ಹೊಳೆಯ ಆಚೆಗೆ ಇನ್ನೊಂದು ದೇಶ. ಅದೂ ಒಂದು ಊರಷ್ಟೇ ಅಗಲ. ನಾವು ಅವರನ್ನು ಆಚೆಯವರು ಎನ್ನುತ್ತೇವೆ, ಅವರೂ ನಮ್ಮನ್ನು ಆಚೆಯವರು ಎನ್ನುತ್ತಾರೆ. ಬಹಳ ಕಾಲ ಎರಡು ದೇಶಗಳ ನಡುವೆ ಸಮನಾಗಿ ಇದ್ದದ್ದು ಇದೊಂದೇ.

ಹೊಳೆಗೆ ಒಂದು ಹಗ್ಗ, ಹಗ್ಗಕ್ಕೆ ಎರಡು ದೋಣಿ. ಒಂದು ನಮ್ಮ ದಡದಲ್ಲಿ, ಇನ್ನೊಂದು ಅವರ ದಡದಲ್ಲಿ. ಎರಡೂ ಒಟ್ಟಿಗೆ ಹೊರಡುತ್ತವೆ, ನಡುಹೊಳೆಯಲ್ಲಿ ಒಂದನ್ನೊಂದು ದಾಟುತ್ತವೆ, ಒಟ್ಟಿಗೆ ದಡ ಸೇರುತ್ತವೆ. ಹುಟ್ಟು ಹಾಕುವವರಿಲ್ಲ, ಎಳೆಯುವವರಿಲ್ಲ. ಎರಡು ದೋಣಿಯಲ್ಲೂ ಸಾಮಾನು ಇರಬೇಕು, ಆ ಅದಲು ಬದಲಿನಿಂದ ಎರಡು ದಡದವರಿಗೂ ಮನಸಾರೆ ಖುಷಿಯಾಗಬೇಕು, ಅಷ್ಟೆ. ಆಗ ದೋಣಿಗಳು ತಾವಾಗಿಯೇ ಏಳುತ್ತವೆ. ಒಂದು ದಡದವರ ಮನಸ್ಸಿನಲ್ಲಿ ಕೊಂಚ ಹುಳುಕಿದ್ದರೂ ಎರಡೂ ದೋಣಿಗಳು ಕೆಸರು ಕಂಡ ಎಮ್ಮೆಯ ಹಾಗೆ ಕೂತುಬಿಡುತ್ತವೆ. ದಾನಕ್ಕೂ ಏಳುವುದಿಲ್ಲ. ನಮ್ಮ ಮಾವನವರು ಬದುಕಿದ್ದಾಗ ಪುಣ್ಯ ಬರಲೆಂದು ಒಂದು ಚೀಲ ಬೆಲ್ಲ ಇಡಿಸಿ, "ಬದಲಿಗೆ ಏನೂ ಬ್ಯಾಡ, ಹಂಗ ತಿನ್ರಿ" ಎಂದು ಕೂಗಿಸಿದ್ದರಂತೆ. ಬೆಲ್ಲವೂ ಪುಣ್ಯವೂ ಇರುವೆಗಳ ಪಾಲಾದವು. ಬೇರೆ ದೋಣಿ ಕಟ್ಟಿಕೊಂಡು ಹೊರಟವರೂ ಇದ್ದಾರೆ. ಅವರ ದೋಣಿ ಹೊಳೆಯಲ್ಲಿ ಒಂದು ಸುತ್ತು ಹೊಡೆದು ಹೊರಟ ದಡಕ್ಕೇ ಬಂದು ನಿಂತಿತು. ಆಚೆಗೆ ಹೋಗುವ ಮನುಷ್ಯರು ಸಾಮಾನಿನ ಜೊತೆಯಲ್ಲೇ ಹೋಗಬೇಕು.

ಬೆಳಗಿನ ಹೊತ್ತು ಗಾಳಿ ನಿಂತಿರುತ್ತದೆ, ಮಾತು ಹೊಳೆಯ ಮೇಲೆ ಜಾರಿಕೊಂಡು ಹೋಗುತ್ತದೆ. ಆಗ ಎರಡು ದಡದಲ್ಲೂ ಒಬ್ಬೊಬ್ಬ ಕೂಗುವವನು ನಿಂತು ತನ್ನ ದೋಣಿಯಲ್ಲಿ ಏನೇನಿದೆ ಎಂದು ಕೂಗುತ್ತಾನೆ. ಇರುವ ಸಾಮಾನನ್ನೆಲ್ಲ ಕೂಗಬೇಕು, ಒಂದು ಸೂಜಿಯನ್ನೂ ಮುಚ್ಚಿಡುವಂತಿಲ್ಲ. ಮನುಷ್ಯರನ್ನು ಮಾತ್ರ ಕೂಗುವುದಿಲ್ಲ, ಮನುಷ್ಯರು ಸಾಮಾನಲ್ಲವಲ್ಲ. ನಮ್ಮ ದಡದಲ್ಲಿ ಕೂಗುವವನು ನನ್ನ ಗಂಡ ತಿರಕಪ್ಪ. ಗಂಡನ ಹೆಸರು ಹೇಳಿದಳೆಂದು ಬೈಯುವವರಿದ್ದರೆ ಬೈಯಲಿ. ಅವನು ಊಟಕ್ಕೆ ಕೂತು ಉಪ್ಪು ಕೇಳಿದರೆ ಆಚೆ ದೇಶದವರು ಉಪ್ಪಿನ ಮರಿಗೆ ಹುಡುಕುತ್ತಾರೆ.

ಆಚೆಯವರ ಕೈ ಬಹಳ ಚುರುಕು. ನಮ್ಮಲ್ಲಿ ಒಬ್ಬಳು ಮಗ್ಗದ ಮುಂದೆ ಕೂತು ಒಂದು ಸೀರೆ ಇಳಿಸಲು ವಾರ ಬೇಕು. ಅವರಲ್ಲಿ ಒಬ್ಬಳು ದಿನಕ್ಕೆ ಎರಡು ಇಳಿಸುತ್ತಾಳೆ. ಹೋಗಲಿ, ರೊಟ್ಟಿಯಲ್ಲಾದರೂ ನಾವು ಮೇಲೆಯೋ ಎಂದರೆ ಅದೂ ಇಲ್ಲ. ನಮ್ಮವಳು ಬೆಳಗಿನಿಂದ ಬೈಗಿನವರೆಗೆ ಅರವತ್ತು ರೊಟ್ಟಿ ಬಡಿದರೆ ಅವರವಳು ನೂರು ಬಡಿಯುತ್ತಾಳೆ. ಅವರ ರೊಟ್ಟಿ ತೆಳ್ಳಗೆ, ದುಂಡಗೆ. ನಮ್ಮದರ ಅಂಚು ಇಲಿ ಕಡಿದ ಹಾಗೆ. ಆದರೂ ದೋಣಿಗಳು ಓಡಾಡುತ್ತಿದ್ದವು, ಯಾಕೆಂದರೆ ನಮ್ಮಲ್ಲಿ ಸುಣ್ಣದ ಗುಡ್ಡವಿತ್ತು, ಅವರಲ್ಲಿರಲಿಲ್ಲ. ಗೋಡೆಗೂ ಎಲೆಯಡಿಕೆಗೂ ಸುಣ್ಣ ಬೇಕೇ ಬೇಕು. ನಾವು ಸುಣ್ಣ ಕಳಿಸುತ್ತಿದ್ದೆವು, ಅವರು ಸೀರೆ ಕಳಿಸುತ್ತಿದ್ದರು. ಆ ದಿನಗಳಲ್ಲೇ ನನ್ನ ನಾದಿನಿ ನೀಲಾಳನ್ನು ಆಚೆ ದೇಶಕ್ಕೆ ಕೊಟ್ಟು ಮದುವೆ ಮಾಡಿದ್ದು.

ನನ್ನ ಅತ್ತೆ ಕಲ್ಲವ್ವನವರಿಗೆ ನೀಲಾ ಒಬ್ಬಳೇ ಮಗಳು. ಅತ್ತೆಯ ಸ್ವಭಾವ ಹೇಳಬೇಕೆಂದರೆ ರೊಟ್ಟಿಯಿಂದಲೇ ಹೇಳಬೇಕು. ಸಿಟ್ಟು ಬಂದರೂ ರೊಟ್ಟಿ ಬಡಿಯುತ್ತಾರೆ, ಸಂತೋಷವಾದರೂ ರೊಟ್ಟಿ ಬಡಿಯುತ್ತಾರೆ. ಯಾವುದೆಂದು ಸಪ್ಪಳ ಕೇಳಿ ತಿಳಿದುಕೊಳ್ಳಬೇಕು. ಮದುವೆಯಲ್ಲಿ ಮಗಳ ಜೊತೆ ಎಳ್ಳು ಹಚ್ಚಿದ ಖಡಕ್ ರೊಟ್ಟಿಯ ಬುತ್ತಿ ಕಟ್ಟಿ ಕಳಿಸಿದ್ದರು. ಆಚೆಯ ಹೆಂಗಸರು ಅದರಲ್ಲೊಂದನ್ನು ಬಿಸಿಲಿಗೆ ಹಿಡಿದು, "ಯವ್ವಾ, ಇದರಾಗ ಸೂರ್ಯನೂ ದಾಟೂದಿಲ್ಲಲ್ಲ!" ಎಂದು ಬಿದ್ದುಬಿದ್ದು ನಕ್ಕರಂತೆ. ಆ ಮಾತು ಮುಂದಿನ ದೋಣಿಯಲ್ಲೇ ನಮ್ಮ ಮನೆ ಮುಟ್ಟಿತು. "ಇನ್ನ ಮ್ಯಾಲೆ ಈ ಕೈಯಾಗಿನ ರೊಟ್ಟಿ ಹೊಳಿ ದಾಟೂದಿಲ್ಲ" ಎಂದು ಅತ್ತೆ ಒಲೆಯ ಮುಂದೆ ಶಪಥ ಮಾಡಿದರು. ಅವತ್ತಿನ ರೊಟ್ಟಿಯ ಸಪ್ಪಳಕ್ಕೆ ಬೆಕ್ಕು ಮನೆ ಬಿಟ್ಟು ಹೋಗಿತ್ತು.

ಮರುವರ್ಷ ಆಚೆಯವರಿಗೆ ಅವರ ಊರ ಹಿಂದೆಯೇ ಒಂದು ಸುಣ್ಣದ ಗುಡ್ಡ ಸಿಕ್ಕಿತು. ನಮ್ಮ ಸುಣ್ಣ ತುಂಬಿದ ದೋಣಿ ಕೂತಲ್ಲೇ ಕೂತಿತು. ಅವರಿಗೆ ಈಗ ಎಲ್ಲವೂ ಇತ್ತು, ಎಲ್ಲವನ್ನೂ ನಮಗಿಂತ ಚೆನ್ನಾಗಿ ಮಾಡುತ್ತಿದ್ದರು. ನಮ್ಮಿಂದ ಅವರಿಗೆ ಬೇಕಾದ್ದಾದರೂ ಏನು? ಪಂಚಮಿ ಬಂತು, ಮರಗಳಿಗೆ ಜೋಕಾಲಿ ಕಟ್ಟಿದೆವು, ನೀಲಾ ಬರಲಿಲ್ಲ. ಅಷ್ಟರಲ್ಲಿ ಒಂದು ಬೆಳಗ್ಗೆ ಆಚೆಯ ಕೂಗುವವನು ಕೈಗಳನ್ನು ಬಾಯಿಯ ಸುತ್ತ ಹಿಡಿದುಕೊಂಡು ಕೂಗಿದ: "ಕಲ್ಲವ್ವಾರ! ನಿಮ್ಮ ಮಗಳು ಬಸರ ಅದಾಳ್ರೀ! ನಾಕ ತಿಂಗಳ!" ಗುಟ್ಟಾಗಿ ಕಿವಿಯಲ್ಲಿ ಹೇಳಬೇಕಾದ ಸುದ್ದಿ ಎರಡು ದೇಶಗಳಿಗೆ ಒಂದೇ ಸಲ ಗೊತ್ತಾಯಿತು. ಅತ್ತೆ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮುಚ್ಚಿದ ಸೆರಗು ಒದ್ದೆಯಾಗಿದ್ದನ್ನು ನಾನು ನೋಡಿದೆ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಅತ್ತೆ ದಿನಾ ಬೆಳಗ್ಗೆ ದಡಕ್ಕೆ ಹೋಗಿ ನಿಲ್ಲುತ್ತಿದ್ದರು. ಆಚೆಯಲ್ಲಿ ಒಂದು ಹಳದಿ ಸೀರೆ ಚುಕ್ಕೆಯಷ್ಟು ಕಾಣುತ್ತಿತ್ತು. ಆ ಚುಕ್ಕೆ ತಿಂಗಳಿಂದ ತಿಂಗಳಿಗೆ ಅಗಲವಾಗುತ್ತಿದೆ ಎಂದು ಅತ್ತೆ ಆಣೆ ಮಾಡಿ ಹೇಳುತ್ತಿದ್ದರು. ಒಮ್ಮೆ ಆ ಚುಕ್ಕೆ ತಾನೇ ಕೂಗಿತು: "ಅವ್ವಾ! ನಿನ್ನ ಕೈಯಾಂದು ಎಳ್ಳರೊಟ್ಟಿ ತಿನಬೇಕನಸೇತಿ!" ಅತ್ತೆ ಮನೆಗೆ ಬಂದು ರೊಟ್ಟಿ ಬಡಿದರು. ಆ ಸಪ್ಪಳ ಸಿಟ್ಟಿನದೂ ಅಲ್ಲ, ಸಂತೋಷದ್ದೂ ಅಲ್ಲ. ಅಂಥದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಊರಲ್ಲಿ ಸಭೆ ಸೇರಿತು. ನಮ್ಮ ಹಿರಿಯರು ಶಿವಪುತ್ರಪ್ಪ ದಳವಾಯಿಯವರು ಮೀಸೆ ತಿದ್ದಿಕೊಂಡು ಎದ್ದು ನಿಂತರು. "ಅವರು ಯಾವುದರಾಗ ಶ್ಯಾಣ್ಯಾರೋ ಅದರಾಗ ನಾವು ಅವರನ್ನ ಮೀರಬೇಕು. ಸೀರ್‍ಯಾಗ ಮೀರಬೇಕು! ಇಡೀ ದೇಶ ಕೂಡಿ ಒಂದು ಸೀರಿ ನೇಯೂಣು. ಅದನ್ನ ನೋಡಿ ಅವರ ಬಾಯಿ ತೆರೀಬೇಕು, ದೋಣಿ ಏಳಬೇಕು." ಎಲ್ಲರೂ ಚಪ್ಪಾಳೆ ತಟ್ಟಿದರು. ಕೊಡುವುದಾದರೆ ಶ್ರೇಷ್ಠವಾದದ್ದನ್ನೇ ಕೊಡಬೇಕು, ದಿನಾ ಮಾಡುವುದನ್ನು ಕೊಟ್ಟರೆ ಮರ್ಯಾದೆಗೆ ಕುಂದು ಎಂಬುದು ನಮ್ಮೂರಿನ ತಲೆತಲಾಂತರದ ಹುಚ್ಚು.

ಪಾಳಿಯ ಮೇಲೆ ಎಲ್ಲರೂ ನೇಯ್ದೆವು. ನಾನೂ ಒಂದು ಗೇಣು ನೇಯ್ದಿದ್ದೇನೆ. ಅದು ಯಾವ ಗೇಣು ಎಂದು ದೂರದಿಂದಲೇ ಗುರುತಿಸಬಹುದು, ಯಾಕೆಂದರೆ ಅಲ್ಲಿ ಗಾಳಿ ಆಡುತ್ತದೆ. ಅಂಚಿನಲ್ಲಿ ಆನೆಗಳ ಸಾಲು ಎಂದು ಶುರು ಮಾಡಿದ್ದು, ಸೆರಗಿಗೆ ಬರುವ ಹೊತ್ತಿಗೆ ಅವು ಹಂದಿಗಳಾಗಿದ್ದವು. "ಮರಿ ಆನಿ ಅಂತ ತಿಳಕೋರಿ" ಎಂದರು ದಳವಾಯಿಯವರು. ಅಂತೂ ದೀಪಾವಳಿ ಕಳೆದು ಹದಿನೈದು ದಿನಕ್ಕೆ ದೇಶದ ಸೀರೆ ಮುಗಿಯಿತು. ಮುಗಿದ ಖುಷಿಗೆ ಊರಿನ ಹೆಂಗಸರೆಲ್ಲ ಒಲೆಯ ಮುಂದೆ ಓಡಿಹೋಗಿ, ತವರಿಗೆ ಬಂದವರ ಹಾಗೆ ಕಾಲು ಚಾಚಿ ಕೂತು, ಬುಟ್ಟಿ ಬುಟ್ಟಿ ಖಡಕ್ ರೊಟ್ಟಿ ಮಾಡಿಟ್ಟರು. ನೀಲಾಳಿಗೆ ಆಗ ಎಂಟು ತುಂಬಿ ಒಂಬತ್ತು ನಡೆಯುತ್ತಿತ್ತು.

ದೋಣಿ ಏಳಿಸುವ ದಿನ ಊರಿಗೆ ಊರೇ ದಡದಲ್ಲಿತ್ತು. ಮಗಳನ್ನು ಕರೆತರಲು ಅತ್ತೆ ಕುಂಕುಮ ಹಚ್ಚಿಕೊಂಡು ದೋಣಿಯಲ್ಲಿ ಸೀರೆಯ ಪಕ್ಕದಲ್ಲೇ ಕೂತರು. ಆಚೆಯವರು ಎಂದಿನಂತೆ ತಮ್ಮ ಸೀರೆಗಳನ್ನು ಕೂಗಿದರು. ತಿರಕಪ್ಪ ಎದೆ ತುಂಬಾ ಗಾಳಿ ಎಳೆದುಕೊಂಡು ಕೂಗಿದ: "ಈ ದಡದಾಗ ಒಂದು ಸೀರೀ! ಇಡೀ ದೇಶ ನೇಯ್ದ ಸೀರೀ! ಅಂಚಿನಾಗ ಆನಿ ಅದಾವು!" ಜಗಲಿಯ ಮೇಲೆ ಹಾಸುವ ಕಂಬಳಿಯಷ್ಟು ದಪ್ಪದ ಆ ಸೀರೆಯನ್ನು ನಾಲ್ಕು ಜನ ಎತ್ತಿ ಬಿಡಿಸಿ ತೋರಿಸಿದರು. ಆಚೆ ದಡ ಕಣ್ಣು ಕಿರಿದು ಮಾಡಿ ನೋಡಿತು. ಆಮೇಲೆ ಒಂದು ನಗೆ ಹೊಳೆ ದಾಟಿ ಬಂತು, ಅದರ ಹಿಂದೆ ನೂರು ನಗೆ ಬಂದವು. ದೋಣಿ ಕೂದಲೆಳೆಯಷ್ಟೂ ಅಲುಗಲಿಲ್ಲ.

ಸೀರೆಯನ್ನು ಮಡಿಸಿ ಮತ್ತೆ ದೋಣಿಯಲ್ಲಿಟ್ಟರು, ದಳವಾಯಿಯವರು ಆಕಾಶ ನೋಡಿದರು. ಅತ್ತೆ ದೋಣಿಯಿಂದ ಇಳಿಯಲೇ ಇಲ್ಲ. "ಇನ್ನೊಮ್ಮೆ ಕೂಗಲೇ ತಿರಕ್ಯಾ, ಸರಿಯಾಗಿ ಕೇಳಿರಲಿಕ್ಕಿಲ್ಲ" ಎಂದರು. ತಿರಕಪ್ಪ ದೋಣಿಯ ಹತ್ತಿರ ಬಂದು ಬಗ್ಗಿ ನೋಡಿದ. ಅತ್ತೆಯ ಕಾಲ ಬಳಿ, ಸೀರೆಯ ಮಡಿಕೆಯ ಕೆಳಗೆ, ಒಂದು ಗಂಟು ಇತ್ತು.

"ಇದೇನವ್ವಾ?"

"ಏನಿಲ್ಲ. ನೀ ನಿನ್ನ ಕೆಲಸಾ ನೋಡ."

ಅವನು ಗಂಟು ಬಿಚ್ಚಿದ. ಎಳ್ಳು ಹಚ್ಚಿದ ಖಡಕ್ ರೊಟ್ಟಿ, ಮೇಲೊಂದು ಗುರೆಳ್ಳು ಚಟ್ನಿಯ ಪೊಟ್ಟಣ. ಬಸುರಿ ಮಗಳ ಬಯಕೆಗೆಂದು ಅತ್ತೆ ಶಪಥ ಮುರಿದಿದ್ದರು, ಮುರಿದದ್ದು ಯಾರಿಗೂ ಕಾಣದಿರಲೆಂದು ಬಚ್ಚಿಟ್ಟಿದ್ದರು. "ಕೂಗಬ್ಯಾಡಲೇ, ನಿನಗ ಕೈ ಮುಗೀತೇನಿ. ಮತ್ತ ನಗ್ತಾರ. ನೀಲಾ ಆ ಮನ್ಯಾಗ ಬಾಳೇ ಮಾಡಬೇಕಲ್ಲೋ" ಎಂದು ಮಗನ ಕೈ ಹಿಡಿದುಕೊಂಡರು. ನನ್ನ ಗಂಡ ಮನೆಯಲ್ಲಿ ನನ್ನ ಮಾತಿಗೂ ಅವ್ವನ ಮಾತಿಗೂ ಹೆದರುವವನು. ದಡದ ಮೇಲೆ ಮಾತ್ರ ಕಾಯ್ದೆಗೆ ಹೆದರುತ್ತಾನೆ. "ದೋಣ್ಯಾಗ ಇದ್ದದ್ದು ಕೂಗಲೇಬೇಕವ್ವಾ" ಎಂದವನೇ ತಿರುಗಿ ನಿಂತು ಕೂಗಿಬಿಟ್ಟ: "ಮತ್ತss... ಒಂದು ಗಂಟು ಖಡಕ್ ರೊಟ್ಟೀ!"

ದೋಣಿ ಒಂದು ಗೇಣು ಸರಿಯಿತು.

ತಿರಕಪ್ಪ ತನ್ನ ಕಾಲು ನೋಡಿಕೊಂಡ, ತಾನೇ ಒದ್ದೆನೋ ಎಂಬಂತೆ. ಪರೀಕ್ಷೆ ಮಾಡೋಣವೆಂದು ಮೆಲ್ಲಗೆ, ಅಂದರೆ ಅವನ ಮೆಲ್ಲಗೆ, "ರೊಟ್ಟಿ..." ಎಂದ. ದೋಣಿ ಇನ್ನೊಂದು ಗೇಣು ಸರಿಯಿತು. ಒಳಗಿದ್ದ ಅತ್ತೆ "ಯವ್ವಾ!" ಎಂದು ಸೀರೆಯ ಮೇಲೆ ಉರುಳಿದರು.

ಅಷ್ಟರಲ್ಲಿ ಆಚೆಯಿಂದ ಒಂದು ಹೆಂಗಸಿನ ದನಿ ಬಂತು. ಅದು ನೀಲಾಳ ಅತ್ತೆ, ನಮ್ಮ ಬೀಗತಿ ಸಂಕವ್ವನವರು. ಆ ದೇಶದಲ್ಲೇ ಅವರಂಥ ನೇಕಾರ್ತಿ ಇಲ್ಲ, ಆ ದೇಶದಲ್ಲೇ ಅವರಷ್ಟು ತೆಳ್ಳಗೆ ರೊಟ್ಟಿ ಬಡಿಯುವವರೂ ಇಲ್ಲ. "ಬೀಗತೀ! ಅಂಥಾ ರೊಟ್ಟಿ ಇನ್ನ ಎಷ್ಟ ಅದಾವ್ರೀ?" ಎಂದು ಕೇಳುತ್ತಿದ್ದರು. ದನಿಯಲ್ಲಿ ನಗೆಯಿರಲಿಲ್ಲ, ಆಸೆಯಿತ್ತು.

ನಮ್ಮ ದಡದಲ್ಲಿ ಗದ್ದಲವೆದ್ದಿತು. ದಳವಾಯಿಯವರ ಮುಖ ಕೆಂಪಾಯಿತು. "ನಾವೇನ್ ಅವರ ಅಡಗಿ ಮನಿ ಆಳಾಗೂದೇನು?" ಎಂದು ಗುಡುಗಿದರು. ನಮ್ಮ ಪಕ್ಕದ ಮನೆಯ ಸೂಲಗಿತ್ತಿ ಮೋದಿನಬಿ ಸೊಂಟದ ಮೇಲೆ ಕೈಯಿಟ್ಟು, "ಹಂಗಾರ ಅವರು ನಮ್ಮ ಮಗ್ಗದ ಆಳಾದಂಗ ಆತಲ್ರೀ ದಳವಾಯಾರ, ಅದಕ್ಕೇನಂತೀರಿ?" ಎಂದಳು. ದಳವಾಯಿಯವರು ಅದನ್ನು ಯೋಚಿಸಿದರು. ಯೋಚಿಸಿದಷ್ಟೂ ಅವರ ಮೀಸೆ ಮೇಲಕ್ಕೆ ಹೋಯಿತು. "ಹೌದಲ್ಲಾ" ಎಂದು ತಮ್ಮ ಮನೆಯ ಬುಟ್ಟಿ ತರಲು ತಾವೇ ಹೊರಟರು. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಕೂತಿದ್ದ ಊರು, ಮನೆಮನೆಯಿಂದ ಬುಟ್ಟಿ ಹೊತ್ತು ದಡಕ್ಕೆ ಓಡಿಬಂತು.

ಈಗ ಒಂದು ಸೀರೆಗೆ ಎಷ್ಟು ರೊಟ್ಟಿ ಎಂಬ ಮಾತು ಎದ್ದಿತು. "ಐದುನೂರು!" ಎಂದು ಆಚೆಯವರು ಕೂಗಿದರು. ಯಾರ ಬಾಯಿಯೂ ತೆರೆಯುವ ಮೊದಲೇ ಅತ್ತೆ, "ಆಗಲ್ರೀ!" ಎಂದುಬಿಟ್ಟರು. ಅವರಿಗೆ ಸೀರೆಯೂ ಬೇಡ ರೊಟ್ಟಿಯೂ ಬೇಡ, ಮಗಳು ಬೇಕು. ದೋಣಿ ಅಲುಗಲಿಲ್ಲ. "ನನಗ ಖುಷಿ ಐತೋ! ಬಾಳ ಖುಷಿ ಐತಿ! ನಡಿಯೋ!" ಎಂದು ಅತ್ತೆ ದೋಣಿಯ ಪಕ್ಕೆಗೆ ಹೊಡೆದರು, ಹೋರಿಗೆ ಹೊಡೆದ ಹಾಗೆ. ನಾನು ಹತ್ತಿರ ಹೋಗಿ, "ಅತ್ತಿ, ಐದುನೂರು ರೊಟ್ಟಿ ಬಡಿಯೂ ಹೊತ್ತಿನಾಗ ನಾವ ಒಂದು ಸೀರಿ ನೇಯ್ದೇವ್ರೀ. ಗಾಳಿ ಆಡೂ ಸೀರಿ ಖರೆ, ಆದ್ರೂ ಸೀರಿನ" ಎಂದೆ. ಅತ್ತೆ ತಮ್ಮ ರಟ್ಟೆ ಮುಟ್ಟಿಕೊಂಡರು. ಬಾಯಿ ಹೂಂ ಎಂದರೂ ರಟ್ಟೆ ಹೂಂ ಅಂದಿರಲಿಲ್ಲ. ಹೊಳೆ ರಟ್ಟೆಯ ಮಾತನ್ನೇ ಕೇಳಿತ್ತು.

"ನಲವತ್ತು!" ಎಂದು ಮೋದಿನಬಿ ಕೂಗಿದಳು. ಈಗ ಆಚೆಯವರ ಮನಸ್ಸು ಒಪ್ಪದೆ ದೋಣಿಗಳು ಕೂತವು. "ನಲವತ್ತಂದ್ರ ಅರ್ಧ ದಿನದ ಕೆಲಸಾನೂ ಅಲ್ಲವ್ವಾ! ಅಷ್ಟಕ್ಕ ನಾನ ಬಡಕೊಂತೀನಿ" ಎಂದರು ಸಂಕವ್ವ. ಐದುನೂರು ಇಳಿಯುತ್ತಾ ಬಂತು, ನಲವತ್ತು ಏರುತ್ತಾ ಹೋಯಿತು. ಮುನ್ನೂರಕ್ಕೆ ಬಂದಾಗ ಎರಡೂ ದೋಣಿಗಳು ಗಟ್ಟಿಯಾಗಿ ನಡುಗಿ ಏಳಲು ನೋಡಿದವು. ಆದರೆ ನಮ್ಮ ಹೆಂಗಸರು ಸೆರಗು ಸಿಕ್ಕಿಸಿ ಹಗ್ಗ ಹಿಡಿದು ನಿಂತುಬಿಟ್ಟರು. ದೋಣಿ ಏಳುವುದು ಬೇರೆ, ಚೌಕಾಶಿ ಬೇರೆ.

"ಬಿಡ್ರೇ ಹಗ್ಗಾ! ನನ್ನ ಮಗಳು ಅಲ್ಲಿ ದಿನ ಎಣಸಾಕತ್ತಾಳ!" ಎಂದು ಅತ್ತೆ ಒಳಗಿನಿಂದ ಕೂಗಿಕೊಂಡರು.

"ತಡೀ ಕಲ್ಲಕ್ಕಾ, ಇನ್ನೊಂಚೂರು ಇಳೀತಾರ" ಎಂದಳು ಮೋದಿನಬಿ, ಹಗ್ಗಕ್ಕೆ ಜೋತುಬಿದ್ದುಕೊಂಡೇ.

ಕೊನೆಗೆ ನೂರೈವತ್ತಕ್ಕೆ ಇತ್ಯರ್ಥವಾಯಿತು. ಹೆಂಗಸರು ಹಗ್ಗ ಬಿಟ್ಟರು. ದೇಶದ ಸೀರೆಯನ್ನು ಕೆಳಗಿಳಿಸಿ, ಅದರ ಜಾಗದಲ್ಲಿ ಬುಟ್ಟಿಗಳನ್ನು ತುಂಬಿದ ದೋಣಿ ಎಷ್ಟು ಹಗುರಾಗಿ ಎದ್ದಿತೆಂದರೆ, ಒಂದು ವರ್ಷ ಕೂತಿದ್ದು ಇದೇ ದೋಣಿಯೇ ಎಂದು ನಂಬಲಾಗಲಿಲ್ಲ. ಜನ ಕೇಕೆ ಹಾಕಿದರು. ನಾನೂ ಹಾಕಿದೆ, ಸೊಸೆ ಎಂಬುದನ್ನು ಮರೆತು.

ನಡುಹೊಳೆಯಲ್ಲಿ ಆದದ್ದನ್ನು ಈಗಲೂ ನಮ್ಮೂರಿನವರು ಹೊಟ್ಟೆ ಹಿಡಿದು ನಗುತ್ತಾ ಹೇಳುತ್ತಾರೆ. ಕೂಗುವವರು ಸಾಮಾನು ಕೂಗುತ್ತಾರೆ, ಮನುಷ್ಯರನ್ನು ಕೂಗುವುದಿಲ್ಲ ಎಂದೆನಲ್ಲ. ಮಗಳನ್ನು ಕರೆತರಲು ಅತ್ತೆ ನಮ್ಮ ದೋಣಿಯಲ್ಲಿ ಹೋದರು. ಅವ್ವನಿಗೆ ಯಾಕೆ ತೊಂದರೆ, ದೋಣಿ ಎದ್ದಿತಲ್ಲ, ನಾನೇ ಹೋಗುತ್ತೇನೆ ಎಂದು ನೀಲಾ ಆಚೆಯ ದೋಣಿಯಲ್ಲಿ ಸೀರೆಗಳ ಮೇಲೆ ಕೂತು ಬಂದಳು. ಎರಡು ದೋಣಿಗಳು ನಡುವೆ ಎದುರುಬದುರಾದವು.

"ಅವ್ವಾ, ನೀ ಎಲ್ಲಿಗೆ ಹೊಂಟಿ?"

"ನಿನ್ನ ಕರಿಯಾಕ ಹೊಂಟೇನ ನಮ್ಮವ್ವಾ! ನೀ ಎಲ್ಲಿಗೆ?"

"ನಿನ್ನ ಹಂತ್ಯಾಕ!"

ಇಬ್ಬರೂ ಕೈ ಚಾಚಿ ಕೈ ಹಿಡಿದುಕೊಂಡರು. ದೋಣಿಗಳು ನಿಲ್ಲಲಿಲ್ಲ. ತೋಳು ಎಷ್ಟು ಉದ್ದ ಇತ್ತೋ ಅಷ್ಟು ಹೊತ್ತು ಹಿಡಿದುಕೊಂಡಿದ್ದರು, ಆಮೇಲೆ ಬೆರಳು ಜಾರಿದವು. ಅತ್ತೆ ಗಡಬಡಿಸಿ ಎಳ್ಳುರೊಟ್ಟಿಯ ಗಂಟನ್ನು ಮಗಳ ಮಡಿಲಿಗೆ ಎಸೆದರು. ನೀಲಾ ನಮ್ಮ ದಡ ಮುಟ್ಟುವಷ್ಟರಲ್ಲಿ ಅದರಲ್ಲಿ ಅರ್ಧ ತಿಂದಿದ್ದಳು, ಅಳುತ್ತಲೂ ನಗುತ್ತಲೂ ತಿಂದಿದ್ದಳು. ಮಗಳು ತವರಿಗೆ ಬಂದಳು, ಅವ್ವ ಬೀಗರ ಮನೆ ಸೇರಿದರು. ಮತ್ತೆ ದೋಣಿ ತುಂಬುವಷ್ಟು ರೊಟ್ಟಿಯಾಗದೆ ಅತ್ತೆ ತಿರುಗಿ ಬರುವಂತಿರಲಿಲ್ಲ, ಬುಟ್ಟಿಗಳೆಲ್ಲ ಖಾಲಿಯಾಗಿದ್ದವು. ಊರಿನ ಒಲೆಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು.

ಆಚೆಯಲ್ಲಿ ಅತ್ತೆಗೆ ಏನಾಯಿತೆಂದು ಅವರೇ ಎಷ್ಟೋ ಸಲ ಹೇಳಿದ್ದಾರೆ. ಬೀಗರ ಮನೆಯಲ್ಲಿ ಸುಮ್ಮನೆ ಕೂಡುವುದು ಅವರಿಂದಾದೀತೇ? ಮೊದಲ ಬೆಳಗ್ಗೆಯೇ ಸಂಕವ್ವನವರ ಒಲೆಯ ಮುಂದೆ ಹೋಗಿ ಕೂತರು. ಕೂತ ಮೇಲೆ ನಾಚಿಕೆಯಾಯಿತು. "ನಿಮ್ಮ ಒಲಿ ಮ್ಯಾಲೆ ನನ್ನ ರೊಟ್ಟಿ ಹಾಕಾಕ ಮಾರಿ ಇಲ್ರೀ. ನಿಮ್ಮ ರೊಟ್ಟಿ ಎಲ್ಲಿ, ನಮ್ಮ ರೊಟ್ಟಿ ಎಲ್ಲಿ" ಎಂದರು.

ಸಂಕವ್ವ ಹಿಟ್ಟಿನ ಕೈ ಒರೆಸಿಕೊಂಡು ನೇರವಾಗಿ ಹೇಳಿದರಂತೆ: "ಸುಳ್ಳ ಯಾಕ ಹೇಳ್ಲಿ ಬೀಗತಿ, ನಿಮ್ಮ ರೊಟ್ಟಿ ದಪ್ಪ ಐತಿ. ರೊಟ್ಟ್ಯಾಗೂ ನಾ ನಿಮಗಿಂತ ಮುಂದ, ಮಗ್ಗದಾಗೂ ಮುಂದ. ಆದ್ರ ದೇವರು ನನಗ ಕೈ ಕೊಟ್ಟದ್ದು ಎರಡ ಎರಡು. ನಾ ರೊಟ್ಟಿ ಬಡಿದ ದಿನ ಎರಡು ಸೀರಿ ಹೋಗ್ತಾವ. ನೀವು ರೊಟ್ಟಿ ಬಡಿದ ದಿನ ಏನ್ ಹೋಗ್ತೈತಿ? ಒಂದು ಸೆರಗೂ ಹೋಗೂದಿಲ್ಲ. ನಿನ್ನಿ ತಿರಕಪ್ಪ ರೊಟ್ಟಿ ಅಂತ ಕೂಗಿದಾಗ ನಾ ಹಿಟ್ಟಿನ ಕೈಲೆ ದಡದಾಗ ನಿಂತಿದ್ದೆ, ಮಗ್ಗದ ಲಾಳಿ ಮನ್ಯಾಗ ಕರಿಯಾಕತ್ತಿತ್ತು. ನನ್ನ ಜೀವ ಹಗ್ಗಾ ಹಿಡಿದು ನಿಮ್ಮ ಕಡೆ ಬಂದಂಗ ಆತು."

ಅತ್ತೆ ಹಂಚನ್ನು ಒಲೆಗೇರಿಸಿದರಂತೆ. ಎರಡು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ ಅವಮಾನ ಅಲ್ಲೇ ಹೊಗೆಯ ಜೊತೆ ಹೋಯಿತು ಎನ್ನುತ್ತಾರೆ. ನಮ್ಮ ರೊಟ್ಟಿ ತೆಳ್ಳಗಾಗಲಿಲ್ಲ, ದುಂಡಗಾಗಲಿಲ್ಲ, ಆದರೂ ಬೇಕಾಗಿತ್ತು. ಅವರು ಸೀರೆಯನ್ನು ಮೇಲಕ್ಕೆ ಕಟ್ಟಿ ಬಡಿಯತೊಡಗಿದರು. ಒಳಗಿನ ಕೋಣೆಯಲ್ಲಿ ಸಂಕವ್ವನವರ ಲಾಳಿ ಓಡಾಡತೊಡಗಿತು. ಎರಡೂ ಸಪ್ಪಳ ಸೇರಿ ಹೊಳೆಯ ಈಚೆಗೂ ಕೇಳಿಸಿತು ಎಂದು ತಿರಕಪ್ಪ ಹೇಳುತ್ತಾನೆ. ಅವನ ಮಾತನ್ನು ಅರ್ಧ ನಂಬಬೇಕು.

ಈಚೆಯಲ್ಲಿ ನಮ್ಮ ಬುಟ್ಟಿಗಳು ತುಂಬುವ ಮೊದಲೇ ನೀಲಾಳಿಗೆ ನೋವು ಶುರುವಾಯಿತು. ನಾನು ಅವಳ ಬೆನ್ನು ನೀವುತ್ತಾ ಕೂತೆ. "ಅವ್ವ ಎಲ್ಲಿ, ಅವ್ವ ಎಲ್ಲಿ" ಎನ್ನುತ್ತಿದ್ದಳು. "ಬರ್ತಾಳವಾ, ರೊಟ್ಟಿ ತುಂಬಾಕತ್ತಾರ" ಎಂದು ಮೋದಿನಬಿ ಸಮಾಧಾನ ಮಾಡುತ್ತಿದ್ದಳು. ಊರಿನ ಗಂಡಸರು ಕೂಡ ಅವತ್ತು ಹಿಟ್ಟಿಗೆ ಕೈ ಹಾಕಿದರು. ದಳವಾಯಿಯವರು ಬಡಿದ ರೊಟ್ಟಿಗೆ ಮೂರು ಮೂಲೆಗಳಿದ್ದವು. ಸೂರ್ಯ ಮೂಡುವ ಹೊತ್ತಿಗೆ ಕೂಸು ಅತ್ತಿತು.

ತಿರಕಪ್ಪ ದಡಕ್ಕೆ ಓಡಿದ. ದೋಣಿಯಲ್ಲಿ ಬುಟ್ಟಿಗಳಿದ್ದವು. ಕಾಯ್ದೆ ಪ್ರಕಾರ ಮೊದಲು ರೊಟ್ಟಿ ಕೂಗಿದ. ಆಮೇಲೆ ದನಿ ಒಡೆಯಿತು. "ಮತ್ತss... ಹೆಣ್ಣ ಕೂಸೂ! ಕೂಸು ದೋಣ್ಯಾಗಿಲ್ಲಾ! ಕೂಸು ಮನ್ಯಾಗ ಐತೀ! ಅವ್ವಾ, ನೀಲಾ ಆರಾಮ ಅದಾಳೂ!" ಕೂಸು ಸಾಮಾನಲ್ಲ, ಸಾಮಾನಿನ ಕೂಗಿನಲ್ಲಿ ಮನುಷ್ಯರನ್ನು ಸೇರಿಸುವಂತಿಲ್ಲ. ತಲೆತಲಾಂತರದ ಕಾಯ್ದೆ ಮುರಿದಿತ್ತು, ಯಾರೂ ಬೈಯಲಿಲ್ಲ. ಆಚೆಯಲ್ಲಿ ಸೀರೆಗಳನ್ನು ಇನ್ನೂ ಪೂರ್ತಿ ತುಂಬಿರಲಿಲ್ಲವಂತೆ, ದೋಣಿ ಅವಸರ ಮಾಡಿತು. ಅತ್ತೆ ಹಾರಿ ಕೂತರು. ಅವರ ಹಿಂದೆಯೇ ಸಂಕವ್ವ, "ನನಗೂ ಮೊಮ್ಮಗಳಲ್ಲೇನ್ರೀ!" ಎಂದು ಹಾರಿ ಕೂತರು.

ದೇಶದ ಸೀರೆಗೆ ಅವತ್ತು ಕೆಲಸ ಸಿಕ್ಕಿತು. ತೊಲೆಗೆ ಅದರದೇ ಜೋಲಿ ಕಟ್ಟಿದೆವು. ಆನೆಯ ಹಾಗೆ ಗಟ್ಟಿ, ನಾನು ನೇಯ್ದ ಗೇಣಿನಲ್ಲಿ ಕೂಸಿಗೆ ಗಾಳಿ. ಜೋಲಿಗೆ ಒಂದು ಹಗ್ಗ ಕಟ್ಟಿ ದೂರ ಕೂತು ತೂಗುವುದು. ಆ ಒಂದು ಹಗ್ಗಕ್ಕೆ ಇಬ್ಬರು ಅಜ್ಜಿಯರು. ನೋಡಿದರೆ, ತೂಗುವುದರಲ್ಲೂ ಸಂಕವ್ವನವರದೇ ಮೇಲುಗೈ. ಅವರ ಜೋಗುಳಕ್ಕೆ ಕೂಸು ತಟ್ಟನೆ ಕಣ್ಣು ಮುಚ್ಚುತ್ತಿತ್ತು. ನಮ್ಮ ಅತ್ತೆಯ ಜೋಗುಳಕ್ಕೆ ಮುಚ್ಚಿದ ಕಣ್ಣೂ ತೆರೆಯುತ್ತಿತ್ತು. ಅತ್ತೆ ಹನ್ನೆರಡು ದಿನ ಸಹಿಸಿಕೊಂಡರು. ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ ಮುಗಿದ ದಿನ ಹಗ್ಗ ಕೈಗೆ ತೆಗೆದುಕೊಂಡು, ಬಹಳ ನಯವಾಗಿ ಅಂದರು:

"ಬೀಗತಿ, ತೂಗೂದರಾಗೂ ನೀವ ಶ್ಯಾಣ್ಯಾರು, ನಾ ಒಪ್ಪತೇನಿ. ಆದ್ರ ನೀವು ಒಂದು ದಿನ ತೂಗಿದ್ರ ಎರಡು ಸೀರಿ ಹೋಗ್ತಾವ. ನಾ ತೂಗಿದ್ರ ಏನ್ ಹೋಗ್ತೈತ್ರೀ? ನೀವು ಊರಿಗೆ ಹೋಗಿ ನೇಯ್ರಿ. ಕೂಸಿನ್ನ ನಾ ತೂಗ್ತೇನಿ."

ತಮ್ಮ ಮಾತು ತಮಗೇ ತಿರುಗಿ ಬಂದದ್ದು ಸಂಕವ್ವನವರಿಗೆ ತಿಳಿಯಿತು. ಲೆಕ್ಕ ಸರಿಯಾಗಿತ್ತು. ಮರುದಿನ ಬೆಳಗ್ಗೆ ಚೀಲ ಹಿಡಿದು ದಡಕ್ಕೆ ಬಂದು ರೊಟ್ಟಿಯ ಬುಟ್ಟಿಗಳ ನಡುವೆ ಕೂತರು. ನಾವೆಲ್ಲ ಕಳಿಸಲು ಹೋದೆವು. ತಿರಕಪ್ಪ ರೊಟ್ಟಿ ಕೂಗಿದ, ಆಚೆಯವರು ಸೀರೆ ಕೂಗಿದರು. ಅದೇ ನೂರೈವತ್ತು, ಎರಡು ದೇಶಕ್ಕೂ ಒಪ್ಪಿಗೆಯಾದ ದರ.

ದೋಣಿ ಅಲುಗಲಿಲ್ಲ.

ತಿರಕಪ್ಪ ಇನ್ನೊಮ್ಮೆ ಕೂಗಿದ. ದಳವಾಯಿಯವರು, "ನೂರನಲವತ್ತಕ್ಕ ಇಳಸ್ರೆಪಾ" ಎಂದರು. ಅಲುಗಲಿಲ್ಲ. ಆಚೆಯವರು, "ನೂರಅರವತ್ತ ತಗೋರಿ" ಎಂದು ಉಲ್ಟಾ ಕೂಗಿದರು, ಗೊಂದಲದಲ್ಲಿ. ಅಲುಗಲಿಲ್ಲ. ಜನ ಬುಟ್ಟಿ ತೆಗೆದು ನೋಡಿದರು, ಹಗ್ಗ ನೋಡಿದರು, ಮೋದಿನಬಿ ದೋಣಿಯ ತಳ ತಟ್ಟಿ ನೋಡಿದಳು. ಸಂಕವ್ವ ಒಬ್ಬರೇ ಏನನ್ನೂ ನೋಡದೆ, ನಮ್ಮ ಮನೆಯ ದಾರಿಯ ಕಡೆ ಮುಖ ಮಾಡಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಅತ್ತೆ ದಡದ ಮೇಲೆ ನಿಂತು ಅವರನ್ನೇ ನೋಡುತ್ತಿದ್ದರು. ತಿಂಗಳುಗಟ್ಟಲೆ ದಿನಾ ಬೆಳಗ್ಗೆ ಇದೇ ದಡದಲ್ಲಿ ತಾವು ಹೇಗೆ ನಿಂತಿದ್ದರೋ ಅದು ನೆನಪಾಗಿರಬೇಕು. ಸೀರೆಯನ್ನು ಮೊಣಕಾಲವರೆಗೆ ಎತ್ತಿಕೊಂಡು ನೀರಿಗಿಳಿದು ದೋಣಿಯ ಹತ್ತಿರ ಹೋದರು.

"ಇಳೀರಿ ಬೀಗತಿ."

"ಯಾಕ್ರೀ? ಹೋಗ್ತೇನಲ್ಲ. ಸೀರಿ ಹೋಗ್ತಾವ ಅಂದ್ರೆಲ್ಲ ನೀವು."

"ಹೋದ್ರ ಹೋಗ್ಲಿ. ಇಳೀರಿ ಅಂದೆ."

ಸಂಕವ್ವ ಕಣ್ಣೊರೆಸಿಕೊಂಡು ಇಳಿದರು. ಅವರ ಎರಡನೆಯ ಕಾಲು ಇನ್ನೂ ನೆಲ ಮುಟ್ಟಿರಲಿಲ್ಲ, ದೋಣಿ ಹೊರಟುಹೋಯಿತು.

ಮನೆಗೆ ಬಂದ ಮೇಲೆ ಅತ್ತೆ ಜೋಲಿಯ ಇನ್ನೊಂದು ಪಕ್ಕಕ್ಕೂ ಒಂದು ಹಗ್ಗ ಕಟ್ಟಿದರು. ಆ ಕಡೆ ಒಬ್ಬರು ಕೂತರು, ಈ ಕಡೆ ಒಬ್ಬರು. ಇವರು ಎಳೆದಾಗ ಅವರು ಬಿಡಬೇಕು, ಅವರು ಎಳೆದಾಗ ಇವರು. ಜೋಗುಳ ಸಂಕವ್ವನವರದು, ಅದಕ್ಕೆ ಹೂಂಗುಡುವುದು ನಮ್ಮ ಅತ್ತೆಯದು. ಅವತ್ತಿನ ರೊಟ್ಟಿಯೆಲ್ಲ ನನ್ನ ಪಾಲಿಗೆ ಬಂತು, ನಾನು ಬಡಿಯುತ್ತಾ ಬಾಗಿಲಿನಿಂದ ಬಗ್ಗಿ ನೋಡಿದೆ. ಇಬ್ಬರು ಅಜ್ಜಿಯರೂ ಎರಡು ದಡದಲ್ಲಿ ಕೂತು ನಗುತ್ತಿದ್ದರು, ಕೂಸು ನಡುಹೊಳೆಯಲ್ಲಿ ನಿದ್ದೆ ಮಾಡುತ್ತಿತ್ತು.